ಇಪ್ಪತ್ತು ಪೋರ್ಟ್ ಕೊಟ್ಟು ‘ಎಷ್ಟು ವೆಬ್‌ಸೈಟ್ ಬೇಕಾದರೂ ಇಡಿ’ ಎನ್ನುವವರ ಬಗ್ಗೆ ಎಚ್ಚರ

ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟನ್ನು ಓದಿದರೂ ಸಾಕು. ಯಾರಾದರೂ ಅಗ್ಗದ ವಿಪಿಎಸ್ (ದೊಡ್ಡ ಸರ್ವರ್‌ನಲ್ಲಿ ಬಾಡಿಗೆಗೆ ಸಿಗುವ ಒಂದು ಪಾಲು) ತೋರಿಸಿ “ಒಂದೇ ಸರ್ವರ್‌ನಲ್ಲಿ ಎಷ್ಟು ವೆಬ್‌ಸೈಟ್ ಬೇಕಾದರೂ ಇಟ್ಟುಕೊಳ್ಳಿ” ಎಂದರೆ, ಹಣ ಕಟ್ಟುವ ಮೊದಲು ಕೇಳಿ: 80 ಮತ್ತು 443ನೇ ಪೋರ್ಟ್‌ಗಳು ನೇರವಾಗಿ ನನ್ನ ಸರ್ವರ್‌ಗೆ ಬರುತ್ತವೆಯೇ? (ಪೋರ್ಟ್ ಎಂದರೆ ಸರ್ವರ್‌ಗಿರುವ, ಸಂಖ್ಯೆ ಹಾಕಿದ ಬಾಗಿಲು. ಬ್ರೌಸರ್‌ಗಳು ತಾವಾಗಿ ಬಂದು ಬಡಿಯುವುದು ಈ ಎರಡನ್ನೇ.) ಇದಕ್ಕೆ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರಗಳಿವೆ. “ಪೋರ್ಟ್ ಕೊಡುತ್ತೇವೆ ಸರ್” ಎಂಬುದು ಉತ್ತರವಲ್ಲ. ನನಗೆ ಟೋಪಿ ಹಾಕಿದ್ದು ಆ ಮಾತಿನಿಂದಲೇ.

ನಾನು ಮಲೆನಾಡಿನ ಕಡೆಯ ಹೋಂಸ್ಟೇಗಳು, ಖಾಸಗಿ ಶಾಲೆಗಳು, ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು ಜೀವನ ಮಾಡುವವನು. ಈ ಕೆಲಸ ಹೇಗೆ ನಡೆಯುತ್ತದೆ ಎಂದು ಇದೇ ದಾರಿಯಲ್ಲಿರುವವರಿಗೆ ಹೇಳಬೇಕಿಲ್ಲ. ಗ್ರಾಹಕರಿಗೆ ಡೊಮೇನ್ ಯಾವುದು, ಹೋಸ್ಟಿಂಗ್ ಯಾವುದು ಎಂಬುದೆಲ್ಲ ಬೇಡ. ವರ್ಷಕ್ಕೊಮ್ಮೆ ನಮಗೆ ಹಣ ಕೊಡುತ್ತಾರೆ, ಸೈಟ್ ತೆರೆಯದಿದ್ದರೆ ನಮಗೇ ಫೋನ್ ಮಾಡುತ್ತಾರೆ. ನನ್ನ ಸೈಟ್‌ಗಳು ಬೇರೆ ಬೇರೆ ಕಡೆ ಚದುರಿಹೋಗಿದ್ದವು, ಒಂದೊಂದರ ನವೀಕರಣವೂ ಒಂದೊಂದು ತಿಂಗಳಲ್ಲಿ. ಎಲ್ಲವನ್ನೂ ಒಂದೇ ಸರ್ವರ್‌ಗೆ ತರಬೇಕೆಂದು ಬಹಳ ದಿನಗಳಿಂದ ಯೋಚಿಸುತ್ತಿದ್ದೆ. ಆಗ ಕಣ್ಣಿಗೆ ಬಿದ್ದದ್ದು ಈ ಜಾಹೀರಾತು. ಅದೂ ಕನ್ನಡದಲ್ಲಿ! ಫೋನ್ ಮಾಡಿದರೆ ಮಾತನಾಡುವವರೂ ಕನ್ನಡದವರೇ, ಬೆಂಗಳೂರಿನವರು. ದರ ಬೇರೆಯವರ ಮೂರನೇ ಒಂದು ಭಾಗ.

ಆದರೂ ನಾನು ಕೇಳಿದ್ದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ಅವರು “ಕೇಳಬೇಕಿತ್ತು ಸರ್” ಎಂದರು. ವಾಟ್ಸ್ಆ್ಯಪ್‌ನಲ್ಲಿ, ಬರಹದಲ್ಲೇ ಕೇಳಿದ್ದೆ: “ನನ್ನ ಬಳಿ ಹಲವು ವೆಬ್‌ಸೈಟ್‌ಗಳಿವೆ. ಎಲ್ಲಕ್ಕೂ ಪ್ರತ್ಯೇಕ ಡೊಮೇನ್ ಇದೆ, ಎಲ್ಲಕ್ಕೂ ಎಚ್‌ಟಿಟಿಪಿಎಸ್ ಬೇಕು. ನಿಮ್ಮ ಸರ್ವರ್‌ನಲ್ಲಿ ನಡೆಯುತ್ತದೆಯೇ?” ಬಂದ ಉತ್ತರ: “ಖಂಡಿತ ಸರ್, ಮಿತಿಯೇ ಇಲ್ಲ. ಪೋರ್ಟ್‌ಗಳನ್ನೂ ಕೊಡುತ್ತೇವೆ.” ಪೋರ್ಟ್‌ಗಳನ್ನೂ ಕೊಡುತ್ತೇವೆ ಎಂದರೆ ಯಾರು ತಾನೇ ಏನೆಂದುಕೊಳ್ಳುತ್ತಾರೆ? ವಿಪಿಎಸ್ ಎಂದು ಮಾರಿದ ಮೇಲೆ ಅದಕ್ಕೊಂದು ಸ್ವಂತ ಐಪಿ (ಅಂತರ್ಜಾಲದಲ್ಲಿ ಅದರ ವಿಳಾಸ ಸಂಖ್ಯೆ), ಅದರ 65,535 ಪೋರ್ಟ್‌ಗಳೂ ನಮ್ಮವೇ ಎಂದು ತಾನೇ ರೂಢಿ. ವರ್ಷದ ಹಣವನ್ನು ಒಟ್ಟಿಗೇ ಯುಪಿಐ ಮೂಲಕ ಕಳುಹಿಸಿದೆ.

ಸರ್ವರ್ ಬಂತು. ದೂರದಿಂದ ಸರ್ವರ್ ಒಳಗೆ ಹೋಗುವ ಎಸ್‌ಎಸ್‌ಎಚ್ ಎಂದಿನ 22ನೇ ಪೋರ್ಟ್‌ನಲ್ಲಿ ಇರಲಿಲ್ಲ, ಯಾವುದೋ ಐದಂಕಿಯ ಪೋರ್ಟ್ ಕೊಟ್ಟಿದ್ದರು. ಭದ್ರತೆಗಾಗಿ ಹಾಗೆ ಬದಲಿಸುವವರು ಬೇಕಾದಷ್ಟು ಜನ ಇದ್ದಾರೆ, ಅದರಲ್ಲಿ ಅನುಮಾನಪಡುವಂಥದ್ದೇನೂ ಇರಲಿಲ್ಲ. ಸೈಟ್‌ಗಳನ್ನು ಬ್ರೌಸರ್‌ಗೆ ಕೊಡುವ ತಂತ್ರಾಂಶ ಎಂಜಿನ್‌ಎಕ್ಸ್ ಹಾಕಿದೆ, ಮೊದಲಿಗೆ ಮೂಡಿಗೆರೆ ಕಡೆಯ ಒಂದು ಹೋಂಸ್ಟೇಯ ಸೈಟ್ ಸಾಗಿಸಿದೆ, ಡಿಎನ್‌ಎಸ್‌ನಲ್ಲಿ ಎ ರೆಕಾರ್ಡ್ (ಡೊಮೇನ್ ಹೆಸರು ಯಾವ ಐಪಿಗೆ ಹೋಗಬೇಕೆಂಬ ನಮೂದು) ಬದಲಿಸಿದೆ. ಅದು ಹರಡುವಷ್ಟರಲ್ಲಿ ಊಟಕ್ಕೆ ಎದ್ದೆ.

ಊಟದ ನಡುವೆಯೇ ಹೋಂಸ್ಟೇ ಯಜಮಾನರ ಫೋನ್. “ಏನ್ರೀ ಇದು, ನಮ್ಮ ಸೈಟ್ ತೆರೆದರೆ ಸರ್ವರ್ ಮಾರಾಟದ ಜಾಹೀರಾತು ಬರುತ್ತಿದೆ?” ನನ್ನ ಮೊಬೈಲ್‌ನಲ್ಲಿ ತೆರೆದು ನೋಡಿದೆ. ಹೌದು. ಅವರ ಡೊಮೇನ್ ಹೆಸರು ಮೇಲೆ, ಕೆಳಗೆ ಈ ಮಾರಾಟಗಾರರ ದರಪಟ್ಟಿ! ಕಾಫಿ ತೋಟದ ಚಿತ್ರ ಇರಬೇಕಾದ ಜಾಗದಲ್ಲಿ “ಇಂದೇ ಖರೀದಿಸಿ” ಎಂಬ ಕೆಂಪು ಗುಂಡಿ. ಯಜಮಾನರು ಅಷ್ಟಕ್ಕೇ ಬಿಡಲಿಲ್ಲ. ತುಸು ತಡೆದು, ಬಹಳ ಮೆತ್ತಗೆ ಕೇಳಿದರು: “ಇಲ್ಲಿ ತಿಂಗಳಿಗೆ ತೊಂಬತ್ತೊಂಬತ್ತು ರೂಪಾಯಿ ಎಂದಿದೆಯಲ್ಲ, ನೀವು ನಮ್ಮಿಂದ ವರ್ಷಕ್ಕೆ ತೆಗೆದುಕೊಳ್ಳುವುದು ಎಷ್ಟು?”

ಆ ಪ್ರಶ್ನೆಗೆ ನಾನು ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಬೆವರಿಹೋಗಿದ್ದೆ. ವಿನ್ಯಾಸ, ಫೋಟೊ ಜೋಡಣೆ, ಬುಕಿಂಗ್ ಅರ್ಜಿ, ವರ್ಷವಿಡೀ ನಿರ್ವಹಣೆ ಎಲ್ಲ ಸೇರಿ ನಾನು ಪಡೆಯುವ ಹಣ ಅದು. ಆದರೆ ಫೋನಿನಲ್ಲಿ ವಿವರಿಸಲು ಹೊರಟಾಗ ಅದು ಕಳ್ಳನ ಸಮಜಾಯಿಷಿಯ ಹಾಗೆಯೇ ಕೇಳಿಸುತ್ತಿತ್ತು. ಕಟ್ಟಿಕೊಂಡ ನಂಬಿಕೆಯನ್ನು ಇನ್ನೊಬ್ಬರ ದರಪಟ್ಟಿ ಒಂದು ಮಧ್ಯಾಹ್ನದಲ್ಲಿ ಕೆಡಿಸಿತು. ನನಗೆ ಸಿಟ್ಟಿರುವುದು ಹಣಕ್ಕಿಂತ ಹೆಚ್ಚಾಗಿ ಇದರ ಮೇಲೆ.

ಎ ರೆಕಾರ್ಡನ್ನು ಹಳೆಯ ಕಡೆಗೆ ತಿರುಗಿಸಿ, ಸರ್ವರ್ ಒಳಗೆ ನೋಡಿದೆ. ಅದರ ವಿಳಾಸ 10ರಿಂದ ಶುರುವಾಗುವ ಖಾಸಗಿ ಐಪಿ, ಹೊರಗಿನಿಂದ ನೇರವಾಗಿ ತಲುಪಲಾಗದ್ದು. (ಇದೊಂದನ್ನೇ ನೋಡಿ ಮೋಸ ಎಂದು ತೀರ್ಮಾನಿಸಬೇಡಿ. ದೊಡ್ಡ ಕ್ಲೌಡ್ ಕಂಪನಿಗಳಲ್ಲೂ ಒಳಗೆ ಖಾಸಗಿ ಐಪಿಯೇ ಕಾಣುತ್ತದೆ, ಆದರೆ ಹೊರಗಿನ ಒಂದು ಪೂರ್ತಿ ಐಪಿಯನ್ನು ಅದಕ್ಕೆ ಜೋಡಿಸಿರುತ್ತಾರೆ.) ಇಲ್ಲಿ ಹೊರಗಿನ ಐಪಿ ಎಷ್ಟೋ ಜನ ಗ್ರಾಹಕರಿಗೆ ಒಂದೇ. ಪ್ರತಿಯೊಬ್ಬರಿಗೂ ಇಪ್ಪತ್ತು ಐದಂಕಿಯ ಪೋರ್ಟ್‌ಗಳು, ಅವುಗಳಲ್ಲಿ ಒಂದು ಎಸ್‌ಎಸ್‌ಎಚ್‌ಗೆ ಹೋಯಿತು. 80 ಮತ್ತು 443 ಮಾರಾಟಗಾರರ ಕೈಯಲ್ಲೇ ಇದ್ದವು, ಅಲ್ಲಿ ಅವರು ತಮ್ಮ ಜಾಹೀರಾತನ್ನು ತೂಗುಹಾಕಿದ್ದರು. ಅಂಗಡಿ ಬಾಡಿಗೆಗೆ ಕೊಟ್ಟು, ರಸ್ತೆ ಕಡೆಯ ಷಟರ್ ನಿಮ್ಮದಲ್ಲ, ಹಿತ್ತಿಲಲ್ಲಿ ಇಪ್ಪತ್ತು ಕಿಟಕಿಗಳಿವೆ, ಗಿರಾಕಿಗಳಿಗೆ ಕಿಟಕಿ ನಂಬರ್ ಹೇಳಿ ಕರೆಸಿಕೊಳ್ಳಿ ಎಂದಂತಾಯಿತು.

ಹೀಗೆ ಒಂದೇ ಐಪಿಯನ್ನು ಹಲವರಿಗೆ ಹಂಚಿ ಕೊಡುವ ಸರ್ವರ್‌ಗೆ ನ್ಯಾಟ್ ವಿಪಿಎಸ್ ಎಂದು ಹೆಸರು. ನ್ಯಾಯವಾಗಿ ಹೇಳಬೇಕೆಂದರೆ ಆ ವ್ಯವಸ್ಥೆಯೇ ಮೋಸವಲ್ಲ. ಐಪಿವಿ4 ಎಂಬ ಹಳೆಯ ಬಗೆಯ ಐಪಿ ವಿಳಾಸಗಳ ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಹಂಚಿ ಮುಗಿದಿದೆ, ಒಂದೊಂದು ಐಪಿಗೂ ಈಗ ಬೆಲೆಯಿದೆ, ಹಂಚಿಕೊಂಡರೆ ಅಗ್ಗವಾಗುತ್ತದೆ. ಲಿನಕ್ಸ್ ಕಲಿಯುವವರಿಗೆ, ಸ್ವಂತಕ್ಕೆ ಒಂದು ವಿಪಿಎನ್ ಇಟ್ಟುಕೊಳ್ಳುವವರಿಗೆ ಅದು ಧಾರಾಳವಾಗಿ ಸಾಕು. ಪ್ರಾಮಾಣಿಕವಾಗಿ ಮಾರುವವರು ‘ನ್ಯಾಟ್’ ಎಂದು ದರದ ಪಕ್ಕದಲ್ಲೇ ಬರೆಯುತ್ತಾರೆ. ಇವರು ಅದನ್ನು ಷರತ್ತುಗಳ ಪುಟದ ತಳದಲ್ಲಿ “ಹಂಚಿಕೆಯ ಜಾಲ ಸಂಪರ್ಕ” ಎಂದು ಬರೆದು, ಮುಂದೆ ಮಾತ್ರ ವೆಬ್‌ಸೈಟ್, ವೆಬ್‌ಸೈಟ್ ಎಂದು ಕೂಗುತ್ತಿದ್ದರು.

ಇನ್ನು ಅವರ ಉತ್ತರಗಳನ್ನು ಕೇಳಿ. “80, 443 ಕೊಡಿ” ಎಂದೆ. “ಸರ್, ನಿಮಗೆ ಇಪ್ಪತ್ತು ಪೋರ್ಟ್ ಇವೆ. ಅಂದರೆ ಇಪ್ಪತ್ತು ವೆಬ್‌ಸೈಟ್!” ಎಂದರು.

ಇಪ್ಪತ್ತು ಪೋರ್ಟ್, ಇಪ್ಪತ್ತು ವೆಬ್‌ಸೈಟ್. ಇದನ್ನು ಹೇಳಿದ್ದು ಸರ್ವರ್ ಮಾರುವ ಅಂಗಡಿಯವರು! ಪೋರ್ಟ್‌ಗಳ ಸಂಖ್ಯೆಗೂ ವೆಬ್‌ಸೈಟ್‌ಗಳ ಸಂಖ್ಯೆಗೂ ಏನೇನೂ ಸಂಬಂಧವಿಲ್ಲ. ಬ್ರೌಸರ್ ತಾನು ಹುಡುಕಿ ಬಂದ ಸೈಟ್‌ನ ಹೆಸರನ್ನು ಹೋಸ್ಟ್ ಹೆಡರ್‌ನಲ್ಲಿ ಹೇಳಲೇಬೇಕು ಎಂದು ಎಚ್‌ಟಿಟಿಪಿ 1.1 ನಿಯಮ ಮಾಡಿದ್ದು 1997ರಲ್ಲಿ. ಗೂಢಲಿಪಿ ಸಂಪರ್ಕ ಕುದುರಿಸುವಾಗಲೇ ಆ ಹೆಸರನ್ನು ತಿಳಿಸುವ ಎಸ್‌ಎನ್‌ಐ ವ್ಯವಸ್ಥೆ ದಾಖಲಾದದ್ದು 2003ರಲ್ಲಿ. ಎಂಜಿನ್‌ಎಕ್ಸ್ ಆ ಹೆಸರು ನೋಡಿ ಸರಿಯಾದ ಸೈಟನ್ನು ಕೊಡುತ್ತದೆ. ನೂರು ಡೊಮೇನ್‌ಗಳಿದ್ದರೂ 443 ಒಂದೇ ಸಾಕು, ಹಳೆಯ ಕೊಂಡಿಗಳನ್ನು ತಿರುಗಿಸಿ ಕಳುಹಿಸಲು ಜೊತೆಗೆ 80. ನನಗೆ ಬೇಕಿದ್ದದ್ದು ಎರಡೇ ಪೋರ್ಟ್, ಅವೆರಡನ್ನು ಬಿಟ್ಟು ಬೇರೆ ಇಪ್ಪತ್ತನ್ನು ಕೊಟ್ಟಿದ್ದರು.

“ಹಾಗಾದರೆ ವಿಳಾಸದ ಕೊನೆಗೆ ಪೋರ್ಟ್ ಸಂಖ್ಯೆ ಸೇರಿಸಿ ಸರ್, ತೆರೆಯುತ್ತದೆ” ಎಂಬುದು ಮುಂದಿನ ಸಲಹೆ. ತೆರೆಯುತ್ತದೆ, ಸುಳ್ಳಲ್ಲ. ಆದರೆ ಶಾಲೆಯ ಪ್ರವೇಶ ಪತ್ರಿಕೆಯಲ್ಲಿ, ಹೋಂಸ್ಟೇಯ ಫಲಕದಲ್ಲಿ, ಡೊಮೇನ್ ಮುಂದೆ ಎರಡು ಚುಕ್ಕೆ ಇಟ್ಟು ಐದಂಕಿ ಬರೆಸುವುದೇ? ಎ ರೆಕಾರ್ಡ್‌ನಲ್ಲಿ ಪೋರ್ಟ್ ಬರೆಯಲು ಜಾಗವೇ ಇಲ್ಲ. ಹೆಸರು ಮಾತ್ರ ಬರೆದವರು 443ಕ್ಕೋ 80ಕ್ಕೋ ಹೋಗಿ ಆ ದರಪಟ್ಟಿಯನ್ನೇ ನೋಡುತ್ತಾರೆ. ಪರೀಕ್ಷೆಗೆಂದು ಶಾಲೆಯ ಸೈಟ್‌ನ ಒಂದು ಪ್ರತಿಯನ್ನು ಹಾಗೆ ಇಟ್ಟು ಕೊಂಡಿ ಕಳುಹಿಸಿದೆ. ಮುಖ್ಯೋಪಾಧ್ಯಾಯಿನಿಯವರ ಮೊಬೈಲ್‌ನಲ್ಲಿ ತೆರೆಯಿತು, ಅವರ ಕಂಪ್ಯೂಟರ್ ಕೊಠಡಿಯಲ್ಲಿ ತೆರೆಯಲಿಲ್ಲ. ಅಲ್ಲಿನ ಫೈರ್‌ವಾಲ್ 80 ಮತ್ತು 443 ಬಿಟ್ಟು ಬೇರೆ ಪೋರ್ಟ್‌ಗಳಿಗೆ ಹೊರಗೆ ಹೋಗಲು ಬಿಡುತ್ತಿರಲಿಲ್ಲ. ಎಷ್ಟೋ ಕಚೇರಿ, ಬ್ಯಾಂಕ್‌ಗಳಲ್ಲಿಯೂ ಹಾಗೆಯೇ.

ಎಚ್‌ಟಿಟಿಪಿಎಸ್‌ಗೆ ಬೇಕಾದ ಪ್ರಮಾಣಪತ್ರದ ಕಥೆ ಇನ್ನೊಂದು. ಅದನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ನಮ್ಮ ಡೊಮೇನನ್ನು ಪರೀಕ್ಷಿಸುವ ಸಾಮಾನ್ಯ ವಿಧಾನ 80ನೇ ಪೋರ್ಟ್‌ಗೇ ಬರುತ್ತದೆ, ಇನ್ನೊಂದು 443ಕ್ಕೇ ಬರುತ್ತದೆ. ಬೇರೆ ಪೋರ್ಟ್ ಹೇಳಲು ಅವಕಾಶವಿಲ್ಲ. ಪರೀಕ್ಷೆ ಸೋಲುತ್ತಲೇ ಹೋಯಿತು, ಗಂಟೆಗೆ ಇಷ್ಟೇ ಪ್ರಯತ್ನ ಎಂಬ ಮಿತಿ ಮುಟ್ಟಿ ಬಾಗಿಲು ಮುಚ್ಚಿತು. ಬೆಂಬಲದವರ ಉತ್ತರ: “ನೀವೇ ಸಹಿ ಮಾಡಿದ ಪ್ರಮಾಣಪತ್ರ ಹಾಕಿಕೊಳ್ಳಿ ಸರ್.” ಅಂದರೆ ಕೊಠಡಿ ಕಾಯ್ದಿರಿಸಲು ಬಂದ ಪ್ರವಾಸಿಗೆ ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಇಂತಹ ಸಲಹೆ ಕೊಡುವಾಗ ಇವರಿಗೆ ನಗು ಬರುವುದಿಲ್ಲವೇ? ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ರೆಕಾರ್ಡ್ ಹಾಕಿ ಪಡೆಯುವ ಮೂರನೆಯ ವಿಧಾನಕ್ಕೆ ಯಾವ ಪೋರ್ಟೂ ಬೇಡ. ಅದನ್ನು ಅವರು ಹೇಳಲಿಲ್ಲ, ನಾನೇ ಹುಡುಕಿಕೊಂಡೆ.

ಮತ್ತೆ ಮತ್ತೆ ಬರೆದ ಮೇಲೆ ಹೊರಬಿತ್ತು ನಿಜವಾದ ಲೆಕ್ಕ. “ನಮ್ಮ ಪ್ರಾಕ್ಸಿ ಇದೆ ಸರ್. ಒಂದು ಡೊಮೇನ್ ಉಚಿತ, ಉಳಿದ ಪ್ರತಿಯೊಂದಕ್ಕೂ ತಿಂಗಳಿಗೆ ಇಷ್ಟು. ಇಲ್ಲವಾದರೆ ಸ್ವಂತ ಐಪಿ ಕೊಳ್ಳಿ, ಅದಕ್ಕೆ ಇಷ್ಟು.” (ಪ್ರಾಕ್ಸಿ ಎಂದರೆ ಅವರ 80, 443ಕ್ಕೆ ಬಂದವರನ್ನು ನಮ್ಮ ಸರ್ವರ್‌ಗೆ ದಾಟಿಸುವ ಮಧ್ಯವರ್ತಿ.) ಸ್ವಂತ ಐಪಿ ಸೇರಿಸಿ ಕೂಡಿಸಿದರೆ ನಾನು ಬಿಟ್ಟು ಬಂದ ಕಡೆಗಿಂತ ದುಬಾರಿ! ಮಿತಿಯೇ ಇಲ್ಲ ಎಂದಿದ್ದಿರಲ್ಲ ಎಂದು ಹಳೆಯ ಸಂದೇಶವನ್ನೇ ಕಳುಹಿಸಿದೆ. ಅದಕ್ಕೆ ಬಂದ ಉತ್ತರವನ್ನು ಅಕ್ಷರ ಬದಲಿಸದೆ ಕೊಡುತ್ತೇನೆ: “ಸರ್ವರ್ ಒಳಗೆ ಮಿತಿ ಇಲ್ಲ ಸರ್. ಹೊರಗಿನಿಂದ ಬರಲು ಮಾತ್ರ.”

ಹೊರಗಿನಿಂದ ಯಾರೂ ಬಾರದ ವೆಬ್‌ಸೈಟ್ ಯಾರಿಗೆ ಬೇಕು ಸ್ವಾಮಿ?

ಆ ಉಚಿತ ಪ್ರಾಕ್ಸಿಯನ್ನೂ ಒಂದು ಸೈಟ್‌ಗೆ ಹಾಕಿ ನೋಡಿದೆ. ಅದು ಸಂದರ್ಶಕರ ನಿಜವಾದ ಐಪಿಯನ್ನು ಮುಂದಕ್ಕೆ ಕಳುಹಿಸುತ್ತಿರಲಿಲ್ಲ, ಎಲ್ಲರೂ ಒಂದೇ ವಿಳಾಸದಿಂದ ಬಂದಂತೆ ಕಾಣುತ್ತಿತ್ತು. ರಾತ್ರಿ ಯಾವುದೋ ಬಾಟ್ ವರ್ಡ್‌ಪ್ರೆಸ್ ಲಾಗಿನ್‌ಗೆ ಸಾಲುಸಾಲಾಗಿ ಗುದ್ದಿತು, ಹಾಗೆ ಗುದ್ದುವವರ ಐಪಿಯನ್ನು ತಡೆಯುವ ನನ್ನ ತಂತ್ರಾಂಶ ಫೇಲ್‌ಟುಬ್ಯಾನ್ ತನ್ನ ಕೆಲಸ ಮಾಡಿ ಆ ಐಪಿಯನ್ನು ತಡೆಯಿತು, ಅದರ ಹಿಂದೆ ಬಂದ ಎಲ್ಲರೂ ಹೊರಗೆ. ಬೆಳಿಗ್ಗೆ ಸೈಟ್ ಜಗತ್ತಿಗೇ ಮುಚ್ಚಿತ್ತು. ಬೆಂಬಲದವರು ಹೇಳಿದ್ದು: “ಫೈರ್‌ವಾಲ್ ತೆಗೆದುಹಾಕಿ ಸರ್.”

ಸಿಕ್ಕಿಹಾಕಿಕೊಂಡವರಿಗೆ ಒಂದು ದಾರಿ ಇದೆ. ಇಂತಹ ಸರ್ವರ್‌ಗಳಿಗೆ ಅನೇಕ ಬಾರಿ ಐಪಿವಿ6 ಎಂಬ ಹೊಸ ಬಗೆಯ ವಿಳಾಸವನ್ನು ಪೂರ್ತಿಯಾಗಿ ಕೊಟ್ಟಿರುತ್ತಾರೆ, ಅದರಲ್ಲಿ 80, 443 ತೆರೆದಿರುತ್ತವೆ. ನನ್ನದರಲ್ಲೂ ಇತ್ತು. ಅದನ್ನು ನೇರವಾಗಿ ಬಳಸಿದರೆ ಐಪಿವಿ6 ಇರುವ ಸಂಪರ್ಕಗಳಲ್ಲಿ ಮಾತ್ರ ಸೈಟ್ ಕಾಣುತ್ತದೆ, ಅದಿಲ್ಲದ ಬ್ರಾಡ್‌ಬ್ಯಾಂಡ್‌ನವರಿಗೆ ಕಾಣುವುದಿಲ್ಲ. ಮುಂದೆ ಕ್ಲೌಡ್‌ಫ್ಲೇರ್ ಎಂಬ ಮಧ್ಯವರ್ತಿ ಸೇವೆಯನ್ನು ಇಟ್ಟುಕೊಂಡರೆ ಅದು ಎರಡೂ ಬಗೆಯವರನ್ನು ಬರಮಾಡಿಕೊಂಡು, ಹಿಂದೆ ಐಪಿವಿ6 ಮೂಲಕ ನಮ್ಮ ಸರ್ವರ್‌ಗೆ ತರುತ್ತದೆ. ಸಾಗಿಸಿದ್ದ ಸೈಟ್‌ಗಳನ್ನು ನಾನು ಹಾಗೆ ಬದುಕಿಸಿಕೊಂಡು, ಆಮೇಲೆ ಸ್ವಂತ ಐಪಿ ಇರುವ ಬೇರೆ ಕಡೆಗೆ ಒಯ್ದೆ. ಒಂದು ರೂಪಾಯಿಯೂ ಖರ್ಚಾಗದ ಈ ಉಪಾಯ ಬೆಂಬಲದವರ ಬಾಯಿಂದ ಒಮ್ಮೆಯಾದರೂ ಬಂತೇ? ಬಂದರೆ ಐಪಿ ಮಾರುವುದು ಹೇಗೆ?

ಹಣ ವಾಪಸ್ ಕೇಳಿದ್ದಕ್ಕೆ “ಸರ್ವರ್ ಚಾಲೂ ಇದೆ, ದೋಷವಿಲ್ಲ” ಎಂದರು. ಜಿಎಸ್‌ಟಿ ಬಿಲ್ ಕೇಳಿದ್ದಕ್ಕೆ ಉತ್ತರವೇ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ವ್ಯಾಪಾರಕ್ಕೆಂದು ಕೊಂಡವರು ಗ್ರಾಹಕರಲ್ಲ ಎಂದು ಹೆದರಿಸುತ್ತಾರೆ, ಇವರೂ ಹೆದರಿಸಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಸರಕು ಕೊಂಡವರಿಗೆ ವಿನಾಯಿತಿ ಇದೆ, ಸೇವೆ ಕೊಂಡ ನಮ್ಮಂಥವರೂ ಅದನ್ನು ಮುಂದಿಟ್ಟು ವಾದಿಸಿ ನೋಡಬಹುದು. ವಾಟ್ಸ್ಆ್ಯಪ್ ಸಂದೇಶಗಳನ್ನು ಅಳಿಸಬೇಡಿ. ವರ್ಷದ ಹಣವನ್ನು ಒಮ್ಮೆಗೇ ಕಟ್ಟಬೇಡಿ, ಅದರಲ್ಲೂ ವ್ಯಕ್ತಿಯ ಹೆಸರಿನ ಯುಪಿಐಗೆ.

ಇನ್ನೊಂದು, ಇದು ಈಗಾಗಲೇ ಅಲ್ಲಿರುವವರಿಗೆ. ಜಗಳ ಶುರು ಮಾಡುವ ಮೊದಲು ಡೇಟಾಬೇಸ್ ಮತ್ತು ಫೈಲ್‌ಗಳ ಬ್ಯಾಕಪ್ ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ನಾನು ದೂರು ಕೊಟ್ಟ ಮರುದಿನವೇ ಅವರು ‘ನಿಯಮ ಉಲ್ಲಂಘನೆ’ ಎಂದು ನನ್ನ ಸರ್ವರ್ ನಿಲ್ಲಿಸಿದರು. ಯಾವ ನಿಯಮ ಎಂದು ಕೇಳಿದ ಸಂದೇಶಕ್ಕೆ ಇನ್ನೂ ನೀಲಿ ಗೆರೆ ಬಿದ್ದಿಲ್ಲ.