ಲಾಗ್ ಓದೋಕೆ ಲೆಸ್ ಇದ್ದರೆ ಸಾಕು

ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ದಿನವಿಡೀ ಲಾಗ್ ಫೈಲ್‌ಗಳ, ಅಂದರೆ ಸರ್ವರ್‌ನಲ್ಲಿ ನಡೆದದ್ದನ್ನು ಸಾಲುಸಾಲಾಗಿ ದಾಖಲಿಸುವ ಫೈಲ್‌ಗಳ ಸಹವಾಸ. ಅವನ್ನು ಓದಲು ನಾನು ನೆಚ್ಚಿಕೊಂಡಿರುವುದು ಟರ್ಮಿನಲ್‌ನಲ್ಲಿ ಟೈಪ್ ಮಾಡುವ 'ಲೆಸ್' (less) ಎಂಬ ಕಮಾಂಡನ್ನು. ಲಿನಕ್ಸ್ ಇರಲಿ, ಮ್ಯಾಕ್ ಇರಲಿ, ಬಹುತೇಕ ಎಲ್ಲ ಕಡೆ ಇದು ಮೊದಲೇ ಇರುತ್ತದೆ. ಮ್ಯಾನ್ ಪೇಜ್ (ಕಮಾಂಡಿನ ಕೈಪಿಡಿ) ತೆರೆದಾಗ ಕಾಣಿಸುವುದೂ ಸಾಮಾನ್ಯವಾಗಿ ಇದೇ. ಆದರೆ ತುಂಬಾ ಜನ ಸ್ಪೇಸ್ ಒತ್ತಿ ಕೆಳಗೆ ಹೋಗ್ತಾರೆ, ಕ್ಯೂ ಒತ್ತಿ ಹೊರಗೆ ಬರ್ತಾರೆ, ಅಷ್ಟೇ. ಇಷ್ಟು ಒಳ್ಳೆಯ ಸಾಧನ ಅಷ್ಟಕ್ಕೇ ನಿಂತುಬಿಡುವುದು ನನಗೆ ಬೇಜಾರಿನ ವಿಷಯ.

ಮಾರ್ಕ್ ನೂಡೆಲ್‌ಮನ್ ಇದನ್ನು ಬರೆಯಲು ಶುರು ಮಾಡಿದ್ದು 1983ರಲ್ಲಿ. ಫೈಲ್ ಓದಲು ಆಗ ಇದ್ದ 'ಮೋರ್' ಕಮಾಂಡ್ ಮುಂದಕ್ಕೆ ಮಾತ್ರ ಹೋಗುತ್ತಿತ್ತು. ಹಿಂದಕ್ಕೂ ಸರಿಯುವ ಒಂದು ಬೇಕಿತ್ತು, ಅದಕ್ಕೇ ಲೆಸ್ ಹುಟ್ಟಿತು. ಫೈಲನ್ನು ಪೂರ್ತಿ ಓದಿ ಮುಗಿಸುವ ತನಕ ಇದು ಕಾಯುವುದಿಲ್ಲ. ಹಲವು ಜಿಬಿ ಲಾಗ್ ಕೂಡ ಥಟ್ಟನೆ ತೆರೆದುಕೊಳ್ಳುತ್ತದೆ. ಎಡಿಟರ್‌ನಲ್ಲಿ ಅದನ್ನೇ ತೆರೆಯಲು ಹೋದರೆ ಮೆಮೊರಿ ಎಲ್ಲ ನುಂಗಿಹಾಕಬಹುದು.

ನನಗೆ ಜಾಸ್ತಿ ಇಷ್ಟವಾಗುವುದು ಶಿಫ್ಟ್ ಎಫ್. ಒತ್ತಿದರೆ ಫೈಲಿನ ಕೊನೆಗೆ ಹೋಗಿ, ಹೊಸ ಸಾಲುಗಳು ಬಂದ ಹಾಗೆಲ್ಲ ತೋರಿಸುತ್ತಾ ಹೋಗುತ್ತದೆ. ಫೈಲಿನ ಕೊನೆಯ ಸಾಲುಗಳನ್ನು ತೋರಿಸುವ ಟೈಲ್ ಕಮಾಂಡಿಗೆ -ಎಫ್ ಕೊಟ್ಟರೂ ಇದೇ ಆಗುತ್ತದಲ್ವಾ ಅನ್ನಬಹುದು. ಲೆಸ್‌ನಲ್ಲಿ ಕಂಟ್ರೋಲ್ ಸಿ ಒತ್ತಿ ನಿಲ್ಲಿಸಿ, ಪ್ರಶ್ನಾರ್ಥಕ ಚಿಹ್ನೆಯಿಂದ ಹಿಂದಕ್ಕೆ ಹುಡುಕಿ, ಎರರ್ ಎಲ್ಲಿ ಶುರುವಾಯಿತು ಅಂತ ನೋಡಿ, ಮತ್ತೆ ಶಿಫ್ಟ್ ಎಫ್ ಒತ್ತಬಹುದು. ಫೈಲ್ ಬಿಟ್ಟು ಆಚೆ ಬರಬೇಕಾಗಿಯೇ ಇಲ್ಲ.

ಇನ್ನೂ ಒಂದಿದೆ. ಸರ್ವರ್‌ಗೆ ತಂತ್ರಾಂಶದ ಹೊಸ ಆವೃತ್ತಿ ಹಾಕಿದ ಮೇಲೆ ಟೈಮ್‌ಔಟ್ (ಸಮಯಕ್ಕೆ ಉತ್ತರ ಸಿಗಲಿಲ್ಲ ಎಂಬ ದೋಷ) ಬರುತ್ತದಾ ಅಂತ ಕಾಯಬೇಕು ಅನ್ನಿ. ಮೊದಲು / ಒತ್ತಿ ಆ ಪದ ಹುಡುಕಿ. ಸಿಗದಿದ್ದರೂ ಪರವಾಗಿಲ್ಲ. ಆಮೇಲೆ ಎಸ್ಕೇಪ್ ಒತ್ತಿ ಬಿಟ್ಟು ಶಿಫ್ಟ್ ಎಫ್ ಒತ್ತಿ. ಆ ಪದ ಇರುವ ಸಾಲು ಬಂದ ಕ್ಷಣ ಟರ್ಮಿನಲ್ ಬೆಲ್ ಹೊಡೆದು, ಅಲ್ಲೇ ನಿಲ್ಲುತ್ತದೆ. ಪರದೆಯನ್ನೇ ದಿಟ್ಟಿಸುತ್ತಾ ಕೂರಬೇಕಾಗಿಲ್ಲ.

& ಒತ್ತಿ ಪದ ಕೊಟ್ಟರೆ ಅದಿರುವ ಸಾಲುಗಳಷ್ಟೇ ಉಳಿಯುತ್ತವೆ. ಪದದ ಮುಂದೆ ! ಹಾಕಿದರೆ ಉಲ್ಟಾ: ಅದಿಲ್ಲದ ಸಾಲುಗಳು ಮಾತ್ರ. ಲೋಡ್ ಬ್ಯಾಲೆನ್ಸರ್ (ಸರ್ವರ್‌ಗಳಿಗೆ ಕೆಲಸ ಹಂಚುವ ವ್ಯವಸ್ಥೆ) ಸರ್ವರ್ ಸರಿ ಇದೆಯಾ ಅಂತ ಪದೇಪದೇ ಕೇಳುವ ಹೆಲ್ತ್ ಚೆಕ್ ಸಾಲುಗಳಿಂದ ತುಂಬಿಹೋದ ಲಾಗನ್ನು ನಾನು ಹೀಗೇ ಸೋಸುತ್ತೇನೆ. ಸುಮ್ನೆ & ಒತ್ತಿ ಎಂಟರ್ ಹೊಡೆದರೆ ಎಲ್ಲ ಸಾಲುಗಳೂ ವಾಪಸ್. ಉದ್ದದ ಸಾಲುಗಳು ಮಡಚಿಕೊಂಡು ಗೊಂದಲವಾದರೆ, ಓದುತ್ತಿರುವಾಗಲೇ ಹೈಫನ್ ಮತ್ತು ದೊಡ್ಡಕ್ಷರದ ಎಸ್ ಒತ್ತಿ. ಬಾಣದ ಕೀಲಿಗಳಿಂದ ಪಕ್ಕಕ್ಕೆ ಸರಿಸಿಕೊಂಡು ಓದಬಹುದು.

ಕುಂದು ಇಲ್ಲವೆಂದಲ್ಲ. ಎಚ್ ಒತ್ತಿದರೆ ಬರುವ ಸಹಾಯದ ಪುಟ ಗಿಜಿಗಿಜಿ ಅನ್ನುತ್ತದೆ. ಹೊಸಬರಿಗೆ ಯಾವುದು ಮುಖ್ಯ ಅಂತ ತಿಳಿಯುವುದೇ ಇಲ್ಲ. ದೊಡ್ಡ ಫೈಲಿನ ಕೊನೆಗೆ ಹೋದಾಗ ಸಾಲಿನ ಸಂಖ್ಯೆ ಲೆಕ್ಕ ಹಾಕುತ್ತಾ ತಡಮಾಡಬಹುದು. ಆಗ ಕಂಟ್ರೋಲ್ ಸಿ ಒತ್ತಿ, ಲೆಕ್ಕ ನಿಲ್ಲುತ್ತದೆ. ಬೇರೆ ಕಮಾಂಡಿನಿಂದ ಪೈಪ್ ಮಾಡಿದ್ದರೆ, ಅಂದರೆ ಅದರ ಔಟ್‌ಪುಟ್ಟನ್ನು ನೇರ ಲೆಸ್‌ಗೆ ಕೊಟ್ಟಿದ್ದರೆ ಮಾತ್ರ ಎಚ್ಚರ. ಅದೇ ಕಂಟ್ರೋಲ್ ಸಿ ಆ ಕಮಾಂಡನ್ನೂ ನಿಲ್ಲಿಸಿಬಿಡುತ್ತದೆ. ಈಚಿನ ಲೆಸ್ ಆವೃತ್ತಿಗಳಲ್ಲಿ, ಹೊಸ ಸಾಲಿಗೆ ಕಾಯುವುದನ್ನು ನಿಲ್ಲಿಸಲು ಅದರ ಬದಲು ಕಂಟ್ರೋಲ್ ಎಕ್ಸ್ ಒತ್ತಬಹುದು.