ಬಳ್ಳಾರಿಯಿಂದ ಮಂಗಳೂರಿಗೆ: ಸುರತ್ಕಲ್ಲೋ, ಬಿಜೈಯೋ?

ನಮ್ಮ ಬಳ್ಳಾರಿಯವರು ಮಂಗಳೂರಿನಲ್ಲಿ ಮನೆ ಹುಡುಕುವಾಗ ಮೊದಲು ಕೇಳೋದು, 'ಸಮುದ್ರ ಹತ್ತಿರ ಇದೆಯಾ?' ನಾನಾದರೆ ಬಟ್ಟೆ ಒಣಗಿಸುವ ಜಾಗ ನೋಡುತ್ತೇನೆ. ಬಳ್ಳಾರಿಯಲ್ಲಿ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ. ಮಂಗಳೂರಿನಲ್ಲಿ 3,500 ದಾಟುತ್ತದೆ. ಬಳ್ಳಾರಿಯ ಕೌಲ್ ಬಜಾರ್‌ನ ಮಾಳಿಗೆ ಮೇಲೆ ಗಂಟೆಯೊಳಗೆ ಒಣಗುವ ಪ್ಯಾಂಟು ಅಲ್ಲಿ ಜುಲೈನಲ್ಲಿ ಮೂರು ದಿನವಾದರೂ ಹಸಿಹಸಿ. ಸೊಂಟದ ಪಟ್ಟಿ ಹತ್ತಿರ ಮುಗ್ಗಲು ವಾಸನೆ ಬೇರೆ.

ಮಂಗಳೂರಿನ ಉತ್ತರಕ್ಕಿರುವ ಸುರತ್ಕಲ್‌ನಲ್ಲಿ ಕಡಲು ಹತ್ತಿರ. ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನಲ್ಲೋ, ಎಂಆರ್‌ಪಿಎಲ್ ತೈಲ ಶುದ್ಧೀಕರಣ ಘಟಕದಲ್ಲೋ ಕೆಲಸವಿದ್ದರೆ ಯೋಚನೆಯೇ ಬೇಡ. ಆದರೆ ಪೇಟೆಗೆ ಹೋಗಬೇಕೆಂದರೆ ಹೆದ್ದಾರಿ 66ರಲ್ಲಿ ಲಾರಿಗಳ ಜತೆ 15 ಕಿ.ಮೀ.ಗಿಂತ ಜಾಸ್ತಿ. ಉಪ್ಪು ಗಾಳಿಗೆ ಗೇಟು, ಬೈಕಿನ ಚೈನು ಎಲ್ಲ ತುಕ್ಕು.

ಪೇಟೆಯೊಳಗೇ ಇರುವ ಬಿಜೈಯಲ್ಲಿ ಸಮುದ್ರ ಕಾಣದು. ಬಾಡಿಗೆಯೂ ಜಾಸ್ತಿ ಕೇಳಬಹುದು. ಆದರೆ ಕೆಎಸ್‌ಆರ್‌ಟಿಸಿ ನಿಲ್ದಾಣ ಅಲ್ಲೇ. ಊರಿನ ಬಸ್ಸಿಳಿದು ಚೀಲ ಹಿಡಿದು ನಡೆದೇ ಮನೆ ಸೇರಬಹುದು. ಕದ್ರಿ ದೇವಸ್ಥಾನ, ಪಾರ್ಕ್ ಕೂಡ ದೂರವಿಲ್ಲ. ಅವ್ವ, ಅಪ್ಪ ಜತೆಗಿದ್ದರೆ ನನ್ನ ಓಟು ಬಿಜೈಗೇ. ಸಮುದ್ರವನ್ನು ಭಾನುವಾರ ಪಣಂಬೂರಿಗೆ ಹೋಗಿ ನೋಡಿದರಾಯ್ತು, ಅಲ್ವಾ?

ಜೋಳದ ಹಿಟ್ಟು ಮಾತ್ರ ಊರಿಂದಲೇ ಒಯ್ಯಿರಿ. ಮಳೆಗಾಲದಲ್ಲಿ ಸ್ವಲ್ಪಸ್ವಲ್ಪವೇ.