ಎರಡು ಊರಿನ ದೂರ ಹೇಳುವ ಆ್ಯಪ್: ಕಿಲೋಮೀಟರ್ ನಂಬಿ, ಗಂಟೆ ನೋಡಿಕೊಂಡು ನಂಬಿ

ಆಫೀಸಿನಲ್ಲಿ ಎಲ್ಲರ ಟಿಕೆಟ್ ಬುಕ್ ಮಾಡುವ ಕೆಲಸ ನನ್ನ ತಲೆ ಮೇಲಿದೆ. ಹಾಗಾಗಿ ಕೆಲವು ವರ್ಷಗಳಿಂದ ಈ ಆ್ಯಪ್ ನನ್ನ ಫೋನಿನಲ್ಲಿದೆ. ಎರಡು ಊರಿನ ಹೆಸರು ಹಾಕಿದರೆ ನಡುವಿನ ದೂರ, ವಿಮಾನಕ್ಕೆ ಹಿಡಿಯುವ ಸಮಯ ಎರಡನ್ನೂ ಹೇಳುತ್ತದೆ. ದುಡ್ಡು ಕೇಳುವುದಿಲ್ಲ. ಜಾಹೀರಾತು ಮಾತ್ರ ಸ್ವಲ್ಪ ಜಾಸ್ತಿ.

ದೂರದ ವಿಷಯದಲ್ಲಿ ದೂರಿಲ್ಲ. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,700 ಕಿ.ಮೀ. ಎನ್ನುತ್ತದೆ. ರಸ್ತೆಯಲ್ಲಿ 2,000 ದಾಟುತ್ತದಲ್ಲ ಅಂತ ನಮ್ಮ ಮ್ಯಾನೇಜರ್ ಕೇಳಿದ್ದರು. ಇದು ಅಳೆಯುವುದು ಭೂಮಿಯ ಮೇಲಿನ ಅತಿ ಹತ್ತಿರದ ದಾರಿಯನ್ನು. ಘಾಟಿ, ತಿರುವು ಯಾವುದೂ ಲೆಕ್ಕಕ್ಕಿಲ್ಲ. ಊರಿನ ಹೆಸರಿನ ಬದಲು ಬಿಎಲ್‌ಆರ್ ಅಂತ ಏರ್‌ಪೋರ್ಟ್ ಕೋಡ್ ಹಾಕಿ. ಇಲ್ಲದಿದ್ದರೆ ದೇವನಹಳ್ಳಿ ಬಿಟ್ಟು ನಗರದ ಮಧ್ಯದಿಂದ ಅಳೆಯುತ್ತದೆ.

ಸಮಯದ ಕಥೆ ಬೇರೆ. ದೆಹಲಿಗೆ ಎರಡೂವರೆ ಗಂಟೆ ಚಿಲ್ಲರೆ ಎಂದು ಆ್ಯಪ್ ಹೇಳಿದರೆ, ಟಿಕೆಟ್ ಮೇಲೆ ಎರಡೂ ಮುಕ್ಕಾಲು ಗಂಟೆ ಇರುತ್ತದೆ, ಒಮ್ಮೊಮ್ಮೆ ಇನ್ನೂ ಜಾಸ್ತಿ. ಯಾರೂ ಸುಳ್ಳು ಹೇಳುತ್ತಿಲ್ಲ. ಗಂಟೆಗೆ 800 ಕಿ.ಮೀ. ಆಸುಪಾಸಿನ ವೇಗದಿಂದ ದೂರವನ್ನು ಭಾಗಿಸಿ, ಏರಲು ಇಳಿಯಲು ಅಂತ ಅರ್ಧ ಗಂಟೆ ಸೇರಿಸಿದರೆ ಆ್ಯಪ್‌ನ ಲೆಕ್ಕ ಮುಗಿಯಿತು. ಟಿಕೆಟ್‌ನದು ವಿಮಾನ ನಿಂತ ಜಾಗ ಬಿಟ್ಟಲ್ಲಿಂದ ಆ ಕಡೆ ಬಂದು ನಿಲ್ಲುವ ತನಕ. ರನ್‌ವೇ ಸರದಿಗೆ ಕಾಯುವುದೂ ಅದರಲ್ಲಿ ಬಂತು.

ಗಾಳಿಯನ್ನೂ ಇದು ಕೇಳುವುದಿಲ್ಲ. ದುಬೈಗೆ ಸುಮಾರು 2,700 ಕಿ.ಮೀ. ಹೋಗಲೂ ಬರಲೂ ಒಂದೇ ಸಮಯ ತೋರಿಸುತ್ತದೆ. ಚಳಿಗಾಲದಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ. ಹಾಗಾಗಿ ಬರುವಾಗ ಬೇಗ. ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಅಲ್ವಾ? ಮೊದಲೆಲ್ಲ ಇಳಿಯುವ ಹೊತ್ತನ್ನೂ ನಮ್ಮ ಸಮಯದಲ್ಲೇ ಹೇಳುತ್ತಿತ್ತು. ಇತ್ತೀಚಿನ ಅಪ್‌ಡೇಟ್‌ನಲ್ಲಿ ಸರಿ ಮಾಡಿದ್ದಾರೆ.

ಹತ್ತಿರದ ಊರಿಗೆ ಮಾತ್ರ ಈ ಗಂಟೆಯನ್ನು ನಂಬಿ ಟಿಕೆಟ್ ಮಾಡಬೇಡಿ. ಮಂಗಳೂರು ಸುಮಾರು 300 ಕಿ.ಮೀ., ಒಂದು ಗಂಟೆಯೊಳಗೆ ಅನ್ನುತ್ತದೆ. ಕೇಳಲು ಚೆನ್ನಾಗಿದೆ. ಜಯನಗರದಿಂದ ಹೊರಟು ಹೆಬ್ಬಾಳ ದಾಟುವಷ್ಟರಲ್ಲೇ ಆ ಒಂದು ಗಂಟೆ ಖರ್ಚಾಗುತ್ತದೆ, ಸಂಜೆಯಾದರೆ ಕೇಳುವುದೇ ಬೇಡ. ಎರಡು ಗಂಟೆ ಮುಂಚೆ ಏರ್‌ಪೋರ್ಟಿನಲ್ಲಿರಬೇಕು, ಬಜ್ಪೆಯಲ್ಲಿ ಇಳಿದ ಮೇಲೆ ಮತ್ತೆ ಕ್ಯಾಬ್. ಎಲ್ಲ ಸೇರಿ ಐದು ಗಂಟೆ ಅಂತ ಇಟ್ಟುಕೊಳ್ಳಿ. ಶಿರಾಡಿ ಘಾಟಿಯ ರಾತ್ರಿ ಬಸ್ಸು ಏಳೆಂಟು ಗಂಟೆ ತಗೊಂಡರೂ ನಿದ್ದೆಯಲ್ಲಿ ಕಳೆಯುತ್ತದೆ. ನಮ್ಮಲ್ಲಿ ಪುತ್ತೂರಿನವರೊಬ್ಬರಿದ್ದಾರೆ. ವಿಮಾನದಲ್ಲಿ ಹೋದರೆ ಊರನ್ನು ದಾಟಿ ಮುಂದೆ ಇಳಿದು, ರಸ್ತೆಯಲ್ಲಿ ಸುಮಾರು 50 ಕಿ.ಮೀ. ವಾಪಸ್ ಬರಬೇಕು. ಕಂಪನಿ ದುಡ್ಡು ಕೊಟ್ಟರೂ ಅವರು ಬಸ್ಸೇ ಹತ್ತುತ್ತಾರೆ.

ದೆಹಲಿ, ಕೋಲ್ಕತ್ತ, ದುಬೈ ತರಹದ ದೂರಕ್ಕೆ ಇದು ಸಾಕು. ಆ್ಯಪ್ ಹೇಳಿದ ಹೊತ್ತಿಗೆ ನಾನು ನಾಲ್ಕು ಗಂಟೆ ಸೇರಿಸಿ ಮೀಟಿಂಗ್ ಇಡುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್. ಕನ್ನಡದಲ್ಲಿ ಊರಿನ ಹೆಸರು ಟೈಪ್ ಮಾಡಿದರೆ ಇನ್ನೂ ಹುಡುಕುವುದಿಲ್ಲ, ಆ ಒಂದು ಸ್ಟಾರ್ ಅದಕ್ಕೇ ಕಟ್.